ನನ್ನ ಬಡ್ತಿ ಅರ್ಜಿ ನನ್ನದೇ ಮೇಜಿಗೆ

ಸಾಹೇಬರು ಕಡತ ಬಿಡಿಸಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಎಂತ ಮಾರಾಯ್ರೆ, ನಿಮ್ಮ ಬಡ್ತಿ ಅರ್ಜಿಗೆ ನೀವೇ ಟಿಪ್ಪಣಿ ಬರೆದದ್ದಾ? 'ಅರ್ಜಿದಾರರು ಅರ್ಹರಿದ್ದಾರೆ' ಅಂತ ಬೇರೆ!"

ಬೆಳ್ತಂಗಡಿಯ ನಮ್ಮ ಸರಕಾರಿ ಕಚೇರಿಯಲ್ಲಿ ಸಿಬ್ಬಂದಿಯ ಬಡ್ತಿ, ಸಂಬಳದ ಅರ್ಜಿಗಳೆಲ್ಲ ಬರುವುದು ದ್ವಿತೀಯ ದರ್ಜೆ ಸಹಾಯಕಿಯಾದ ನನ್ನ ಮೇಜಿಗೆ. ಹದಿಮೂರು ವರ್ಷಗಳಿಂದ ಅದೇ ವಾಕ್ಯ ಬರೆದು ಎಷ್ಟೋ ಮಂದಿಯನ್ನು ಮೇಲೆ ಹತ್ತಿಸಿದ್ದೇನೆ. ನನ್ನ ಅರ್ಜಿಯೂ ಮುದ್ರೆ ಬಿದ್ದು ನನ್ನಲ್ಲಿಗೇ ಬಂತು; ಅಭ್ಯಾಸಬಲದಿಂದ ಬರೆದುಬಿಟ್ಟೆ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

"ಇದು ಆಗುವುದಿಲ್ಲ, ಬೇರೆಯವರು ಬರೆಯಲಿ" ಎಂದು ಸಾಹೇಬರು ಕಡತವನ್ನು ಮೂಡುಬಿದಿರೆಯಿಂದ ಹೊಸದಾಗಿ ವರ್ಗವಾಗಿ ಬಂದ, ನನಗಿಂತ ಒಂದು ದರ್ಜೆ ಮೇಲಿನ ಸಹೋದ್ಯೋಗಿಗೆ ಕೊಟ್ಟರು.

ಹತ್ತು ನಿಮಿಷ ಆಗಿರಲಿಲ್ಲ, ಅವರು ಕಡತ ಹಿಡಿದು ನನ್ನ ಮೇಜಿನ ಮುಂದೆ ನಿಂತಿದ್ದರು. "ಅಕ್ಕಾ, ಈ ಟಿಪ್ಪಣಿ ಬರೆಯುವುದು ಹೇಗೆ? ಸ್ವಲ್ಪ ಹೇಳಿಕೊಡ್ತೀರಾ?"

ಅವರನ್ನು ಕರೆದುಕೊಂಡು ನೇರ ಸಾಹೇಬರ ಕೋಣೆಗೆ ಹೋದೆ. "ಸಾರ್, ಇವರಿಗೆ ಖಂಡಿತ ಹೇಳಿಕೊಡ್ತೇನೆ. ಆದರೆ ನಾನು ಅರ್ಜಿಯಲ್ಲಿ ಬರೆದದ್ದೂ ಇದನ್ನೇ. ಕೆಲಸ ಮೇಲಿನ ದರ್ಜೆಯದ್ದು ಮಾಡ್ತಾ ಇದ್ದೇನೆ, ಸಂಬಳ ಮಾತ್ರ ಕೆಳಗಿನದ್ದು."

"ಸರಿ, ಬರೆಸಿ ತನ್ನಿ" ಎಂದು ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಸಹೋದ್ಯೋಗಿ ನಾನು ಹೇಳಿದ ಹಾಗೆ ಬರೆದ ಟಿಪ್ಪಣಿಗೆ ಆ ಮಧ್ಯಾಹ್ನವೇ ಸಹಿ ಬಿತ್ತು.

ಮಂಗಳೂರಿನ ಜಿಲ್ಲಾ ಕಚೇರಿಯಿಂದ ಬಡ್ತಿಯ ಆದೇಶ ಇನ್ನೂ ಬಂದಿಲ್ಲ. ಆ ಅರ್ಜಿಯ ಕೊನೆಗೆ "ದಯೆ ತೋರಬೇಕಾಗಿ ಪ್ರಾರ್ಥನೆ" ಎಂದು ಬರೆದಿದ್ದೆ. ಮೊನ್ನೆ ಕಳುಹಿಸಿದ ನೆನಪೋಲೆಯಲ್ಲಿ ಆ ಸಾಲು ಇಲ್ಲ.