ಪ್ರಿಂಟರ್ ಪೋರ್ಟಿನಲ್ಲಿ ತೇರ್ಸ್

ಸ್ಟ್ರೋಕ್ ಆದ ಮೇಲೆ ಮಮ್ಮಿಯ ಮಾತು ನಿಂತುಹೋಯಿತು. ಅವಳು ಅದನ್ನೂ ಹೇಗೋ ಸಹಿಸಿಕೊಂಡಳು, ತೇರ್ಸ್ ತಪ್ಪಿದ್ದನ್ನು ಮಾತ್ರ ಸಹಿಸಲಿಲ್ಲ. ನಮ್ಮ ಕ್ರೈಸ್ತರ ಮನೆಗಳಲ್ಲಿ ಊಟಕ್ಕೆ ಮೊದಲು ಎಲ್ಲರೂ ಜಪಮಾಲೆ ಹಿಡಿದು ಹೇಳುವ ಪ್ರಾರ್ಥನೆಗಳ ಸರಣಿ ಅದು. ಪ್ರತಿ ಪ್ರಾರ್ಥನೆಯ ಮೊದಲರ್ಧ ಮಮ್ಮಿಯದು, ಉಳಿದರ್ಧ ನನ್ನದು ಮತ್ತು ಪಪ್ಪನದು. ಈಗ ಅವಳ ಅರ್ಧವನ್ನು ಪಪ್ಪ ಶುರುಮಾಡಿದರೆ ಅವಳು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಆಮೇಲೆ ಊಟವನ್ನೂ ಮುಟ್ಟುತ್ತಿರಲಿಲ್ಲ.

ನಾನು ಬಲ್ಮಠದ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುವವನು. ಗುಜರಿಗೆ ಹೋಗಲಿದ್ದ ಹಳೆಯ ಕಂಪ್ಯೂಟರೊಂದನ್ನು ಕೇಳಿ ಮನೆಗೆ ತಂದೆ. ಅದರ ಹಿಂಬದಿಯಲ್ಲಿ ಪ್ಯಾರಲಲ್ ಪೋರ್ಟ್ ಇತ್ತು, ಹಿಂದೆ ಪ್ರಿಂಟರ್ ಸಿಕ್ಕಿಸುತ್ತಿದ್ದ ಅಗಲದ ಕಿಂಡಿ. ಅದರ ಕೆಲವು ಪಿನ್ನುಗಳಿಂದ ಕಂಪ್ಯೂಟರ್ ಹೊರಗೆ ಸಂಕೇತ ಕಳಿಸುತ್ತದೆ, ಇನ್ನು ಕೆಲವುಗಳಲ್ಲಿ ಹೊರಗಿನದನ್ನು ಓದಿಕೊಳ್ಳುತ್ತದೆ. ಈಗಿನ ಕಂಪ್ಯೂಟರುಗಳಿಂದ ಅದನ್ನು ಕಿತ್ತುಹಾಕಿದವರನ್ನು ನಾನು ಯಾರೂ ಕೇಳದಿದ್ದರೂ ಬೈಯುತ್ತಿರುತ್ತೇನೆ. ಒಂದು ಪಿನ್ನಿಗೆ ಗುಂಡಿ ಕೊಟ್ಟೆ, ಇನ್ನೊಂದಕ್ಕೆ ಪುಟ್ಟ ದೀಪ. ಮಮ್ಮಿ ಮನಸ್ಸಿನಲ್ಲೇ ತನ್ನ ಅರ್ಧ ಮುಗಿಸಿ ಗುಂಡಿ ಒತ್ತಬೇಕು. ದೀಪ ಹೊತ್ತಿದರೆ ನಾವು ಉಳಿದರ್ಧ ಹೇಳಬೇಕು.

"ಒಂದು ಸ್ವಿಚ್ಚು, ಒಂದು ಬಲ್ಬು ಸಾಕಿತ್ತಲ್ಲ ಮಾರಾಯ," ಎಂದರು ಪಪ್ಪ. "ಇದಕ್ಕೆ ಕಂಪ್ಯೂಟರ್ ಎಂತಕ್ಕೆ?"

ಸಾಕಾಗುತ್ತಿರಲಿಲ್ಲ. ಮಮ್ಮಿಗೆ ಆಡುವುದು ಎಡಗೈ ಮಾತ್ರ, ಅದೂ ನಡುಗುತ್ತದೆ. ಒಂದು ಸಲ ಒತ್ತಿದರೆ ಬಲ್ಬು ಹತ್ತಾರು ಸಲ ಹೊತ್ತಿ ಆರುತ್ತದೆ. ಆ ನಡುಕವನ್ನೆಲ್ಲ ಸೇರಿಸಿ ಒಂದೇ ಒತ್ತು ಎಂದು ತಿಳಿಯಲು ಪ್ರೋಗ್ರಾಮೇ ಬೇಕು.

ಮೊದಲ ದಿನ ನನ್ನ ಜಾಣತನದ ಮಾನ ಹೋಯಿತು. ಗುಂಡಿಯ ತಂತಿಯ ಬೆಸುಗೆ ಬಿಟ್ಟಿದ್ದರಿಂದ ಅವಸರದಲ್ಲಿ ಪಕ್ಕದ ಪಿನ್ನಿಗೆ ಹಾಕಿದ್ದೆ. ಆ ಪಿನ್ನು ಉಳಿದವುಗಳಂತಲ್ಲ, ಒತ್ತಿದರೆ ಒತ್ತಿಲ್ಲವೆಂದು, ಒತ್ತದಿದ್ದರೆ ಒತ್ತಿದೆಯೆಂದು ಓದುತ್ತದೆ. ಮಮ್ಮಿ ಗುಂಡಿ ಮುಟ್ಟುವ ಮೊದಲೇ ದೀಪ ಹೊತ್ತಿತು. ಹಸಿದಿದ್ದ ಪಪ್ಪ ಉಳಿದರ್ಧವನ್ನು ಹೇಳಿಯೇ ಬಿಟ್ಟರು. ಮಮ್ಮಿ ಸಿಟ್ಟಿನಿಂದ ಗುಂಡಿಯನ್ನು ಮಂಚದಿಂದ ಕೆಳಗೆ ತಳ್ಳಿದಳು. ಪ್ರೋಗ್ರಾಮಿನ ಒಂದು ಸಾಲು ತಿದ್ದಿದೆ, ಸರಿಹೋಯಿತು. ಅವಳನ್ನು ಒಪ್ಪಿಸಲು ಮಾತ್ರ ಮರುದಿನ ಇಡೀ ಬೇಕಾಯಿತು.

ಆ ಸಂಜೆ ಅವಳು ನಿಧಾನವಾಗಿ ಹೇಳಿಸಿದಳು. ತುಟಿ ಅಲುಗುತ್ತಿತ್ತು, ದೀಪ ಹೊತ್ತುತ್ತಿತ್ತು, ನಾವು ಹೇಳುತ್ತಿದ್ದೆವು. ಎಲ್ಲ ಮುಗಿದು ಪಪ್ಪ ಏಳುವಷ್ಟರಲ್ಲಿ ದೀಪ ಪುನಃ ಹೊತ್ತಿತು.

"ಛೆ, ಪುನಃ ಎಂತದೋ ಹಾಳಾಯ್ತು," ಎಂದು ನಾನು ಕೇಬಲ್ ಕೀಳಲು ಮೇಜಿನ ಕೆಳಗೆ ಬಗ್ಗಿದೆ.

ಪಪ್ಪ ನನ್ನ ಭುಜ ಹಿಡಿದರು. "ತೆಗೀಬೇಡ. ಅವಳ ಕೈ ನೋಡು."

ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ತೇರ್ಸ್ ಮುಗಿದ ಮೇಲೆ ಮನೆಯಲ್ಲಿ ಯಾರದಾದರೂ ಹೆಸರಿನಲ್ಲಿ ಒಂದು ಪ್ರಾರ್ಥನೆ ಹೆಚ್ಚಿಗೆ ಹೇಳುವ ಕ್ರಮ ನಮ್ಮಲ್ಲಿ ಉಂಟು. ಮಮ್ಮಿ ನನ್ನನ್ನೇ ನೋಡುತ್ತಿದ್ದಳು. ನನ್ನ ಹೆಸರಿನ ಪ್ರಾರ್ಥನೆ ಅದೆಂದು ತಿಳಿದು ನಾನು ಕೇಬಲ್ ಬಿಟ್ಟು ಅವಳ ಮಂಚದ ಬಳಿ ತಲೆ ಬಾಗಿಸಿದೆ. ಉಳಿದರ್ಧವನ್ನು ಪಪ್ಪ ಒಬ್ಬರೇ ಹೇಳಿದರು.