ಮುಳ್ಳಿಲ್ಲದ ರೇಡಿಯೊ

ಮೊನ್ನೆ ನನ್ನ ತಮ್ಮನ ಮಗನ ಹೊಸ ಕಾರಿನಲ್ಲಿ ಕೂತಿದ್ದೆ. ಅವನು ಸ್ಟೀರಿಂಗ್ ಹಿಡಿದುಕೊಂಡೇ "ರೇಡಿಯೊ ಹಚ್ಚು" ಎಂದ. ನನಗೇ ಹೇಳಿದನೆಂದು ನಾನು ಗುಂಡಿ ಹುಡುಕತೊಡಗಿದೆ. "ನಿನಗಲ್ಲ ಅತ್ತಿ, ಕಾರಿಗೆ ಹೇಳಿದ್ದು" ಎಂದು ನಕ್ಕ. ಅಷ್ಟರಲ್ಲಿ ಕಾರು ತಾನೇ ರೇಡಿಯೊ ಹಚ್ಚಿಕೊಂಡಿತ್ತು. ಈಗಿನ ಹುಡುಗರ ಜಂಬ ನೋಡಬೇಕು! ಗಾಡಿಯ ರೇಡಿಯೊ ಜೊತೆ ಮಾತುಕತೆ ನಡೆಸಿದವರು ತಾವೇ ಮೊದಲು ಎಂದುಕೊಂಡಿದ್ದಾರೆ. ಆ ಕೆಲಸವನ್ನು ನಮ್ಮತ್ತೆ ತೊಂಬತ್ತರ ದಶಕದಲ್ಲೇ ಮಾಡಿ ಮುಗಿಸಿದ್ದರು, ಅದೂ ಮಸ್ಕಿಯಾಚೆಯ ರಸ್ತೆಯಲ್ಲಿ, ಜೀಪು ತುಂಬ ಜನರ ಎದುರಿಗೆ.

ನಾನು ಹುಟ್ಟಿ ಬೆಳೆದದ್ದು ಹಟ್ಟಿಯ ಗಣಿ ಕ್ವಾರ್ಟರ್ಸಿನಲ್ಲಿ. ನಮ್ಮಪ್ಪ ಪಾಳಿಗೆ ಹೋಗುವವನು. ಅವನು ರಾತ್ರಿ ಪಾಳಿ ಮುಗಿಸಿ ಮಲಗಿದ್ದರೆ ನಾವು ರೇಡಿಯೊವನ್ನು ಕಿವಿಗೆ ಹಚ್ಚಿಕೊಂಡು ಸಿನಿಮಾ ಹಾಡು ಕೇಳುತ್ತಿದ್ದೆವು. ಮದುವೆಯಾಗಿ ಬಳಗಾನೂರಿಗೆ ಬಂದಾಗ ನನಗೆ ಬರುತ್ತಿದ್ದದ್ದು ಆ ಹಾಡುಗಳು ಮತ್ತು ಬಾಯಿಜೋರು, ಎರಡೇ. ಗದ್ದೆ ಕೆಲಸ ಬರದು, ಬೀಸುಕಲ್ಲು ಮುಟ್ಟಿದವಳಲ್ಲ. ಅತ್ತೆ ಮೊದಲ ದಿನವೇ ನನ್ನ ಅಂಗೈ ತಿರುಗಿಸಿ ನೋಡಿ, "ಯವ್ವಾ, ಬೆಣ್ಣಿ ಐತಿ ಇದು, ಕೈ ಅಲ್ಲ" ಎಂದು ಬಿಟ್ಟುಬಿಟ್ಟರು.

ಆ ಮನೆಯಲ್ಲಿ ಹಳೆಯ ರೇಡಿಯೊ ಒಂದಿತ್ತು. ಅದರ ಗಾಜಿನ ಮೇಲೆ, ಕೆಂಪು ಮುಳ್ಳು ಯಾವ ಜಾಗಕ್ಕೆ ಬಂದರೆ ನಮ್ಮ ಕಡೆಯ ಸ್ಟೇಷನ್ ಹತ್ತುತ್ತದೋ ಸರಿಯಾಗಿ ಅಲ್ಲಿ ಅತ್ತೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಬೊಟ್ಟು ಇಟ್ಟಿದ್ದರು. ಓದು ಬರಹ ಬಾರದವರಿಗೆ ಅದೇ ಗುರುತು. ಓಣಿಯಲ್ಲಿ ಎಲ್ಲರ ರೇಡಿಯೊಗೂ ಹೀಗೆ ಬೊಟ್ಟು ಇರುತ್ತಿತ್ತು. ಮುಳ್ಳನ್ನು ಬೊಟ್ಟಿಗೆ ತಂದರೆ ವಾರ್ತೆ, ಹವಾಮಾನ, ಹೆಣ್ಣುಮಕ್ಕಳ ಕಾರ್ಯಕ್ರಮ ಎಲ್ಲ ಬಂದವೆಂದೇ ಲೆಕ್ಕ.

ನನ್ನ ಗಂಡ ಸಿಂಧನೂರಿಗೂ ಮಸ್ಕಿಗೂ ಜೀಪು ಓಡಿಸುತ್ತಿದ್ದರು. ಒಂದು ವರ್ಷ ಭತ್ತ ಚೆನ್ನಾಗಿ ಬಂತು. ಕೈಯಲ್ಲಿ ನಾಲ್ಕು ಕಾಸು ಓಡಾಡಿದ್ದೇ ತಡ, ಸಿಂಧನೂರಿನಿಂದ ಜೀಪಿಗೆ ಹೊಸ ರೇಡಿಯೊ ಕೂಡಿಸಿಕೊಂಡು ಬಂದರು. ನನಗೆ ಒಂದು ಸೀರೆ ತರಲು ಆರು ತಿಂಗಳು ಯೋಚಿಸಿದ ಮಹಾನುಭಾವ! ಆ ರೇಡಿಯೊಗೆ ಮುಳ್ಳೇ ಇರಲಿಲ್ಲ. ಸಣ್ಣ ಕಿಟಕಿಯಲ್ಲಿ ಹಸಿರು ಅಂಕಿಗಳು ಹೊಳೆಯುತ್ತಿದ್ದವು. ಒಂದು ಗುಂಡಿ ಒತ್ತಿದರೆ ಅಂಕಿ ಏರುವುದು, ಇನ್ನೊಂದು ಒತ್ತಿದರೆ ಇಳಿಯುವುದು. ಇದರ ಹೆಸರು ಡಿಜಿಟಲ್ ಎಂದು ಗಂಡ ಓಣಿಗೆಲ್ಲ ಕೇಳುವಂತೆ ಹೇಳಿದರು.

ಅತ್ತೆ ಆರತಿ ತಟ್ಟೆ ತಂದು ಜೀಪಿಗೆ ಕಾಯಿ ಒಡೆದರು. ಆಮೇಲೆ ರೇಡಿಯೊ ಹಚ್ಚಿಸಿ, ಸ್ಟೇಷನ್ ಹತ್ತಿದ ಕೂಡಲೇ ಹೆಬ್ಬೆರಳಿನಷ್ಟು ದಪ್ಪದ ಬೊಟ್ಟನ್ನು ಕಿಟಕಿಯ ನಟ್ಟನಡುವೆ ಮೆತ್ತಿದರು. ಅಂಕಿಗಳು ಕುಂಕುಮದ ಹಿಂದೆ ಮುಳುಗಿದವು.

"ಯವ್ವ, ಏನ್ ಮಾಡಿಟ್ಟಿ! ಈಗ ನಂಬರ ಹೆಂಗ ಕಾಣಬೇಕು?" ಎಂದು ಗಂಡ ಒರೆಸಲು ಕೈ ಚಾಚಿದರು.

"ಕೈ ಹಚ್ಚಿದ್ರ ನೋಡು ಮತ್ತ! ಪೂಜಿ ಬೊಟ್ಟು ಐತಿ ಅದು. ತಾನಾ ಉದುರೋತನಾ ಯಾರೂ ಮುಟ್ಟಂಗಿಲ್ಲ."

ಎಣ್ಣೆಯಲ್ಲಿ ಕಲಸಿದ ಕುಂಕುಮ ಎಲ್ಲಿ ಉದುರುತ್ತದೆ? ಆದರೆ ಆ ರೇಡಿಯೊದಲ್ಲಿ ಇನ್ನೊಂದು ಅನುಕೂಲವಿತ್ತು. ಒಮ್ಮೆ ಹಿಡಿದ ಸ್ಟೇಷನ್ನನ್ನು ಒಂದು ಗುಂಡಿಗೆ ಕಟ್ಟಿಹಾಕಿಬಿಟ್ಟರೆ ಸಾಕು, ಅದು ನೆನಪಿಟ್ಟುಕೊಳ್ಳುತ್ತಿತ್ತು. ಗಂಡ ಹಾಗೆ ಮಾಡಿಕೊಂಡರು. ಅಂಕಿ ಕಾಣದಿದ್ದರೂ ಕೆಲಸ ನಡೆಯಿತು. ಒಂದೇ ಕಿರಿಕಿರಿ ಎಂದರೆ, ಎಂಜಿನ್ ಚಾಲೂ ಇದ್ದಾಗ ರೇಡಿಯೊದಲ್ಲಿ ಗುಂಯ್ ಎನ್ನುವ ಸದ್ದು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಕೇಳಬೇಕೆಂದರೆ ಜೀಪು ನಿಲ್ಲಿಸಬೇಕು. ಓಡುವ ಗಾಡಿಗೆ ನಿಂತಾಗ ಮಾತ್ರ ಮಾತಾಡುವ ರೇಡಿಯೊ. ಕಾಲುವೆಗೆ ನೀರು ಬಿಡುವ ಸುದ್ದಿ ಕೇಳಲು ಪ್ಯಾಸೆಂಜರುಗಳೇ "ನಿಲ್ಸೋ ಮಾರಾಯ" ಎನ್ನುತ್ತಿದ್ದರು. ಕೇಳಿ ಮುಗಿಯುವಷ್ಟರಲ್ಲಿ ಬ್ಯಾಟರಿ ಕೂತಿರುತ್ತಿತ್ತು, ಅದೇ ಪ್ಯಾಸೆಂಜರುಗಳು ಇಳಿದು ದಬ್ಬುತ್ತಿದ್ದರು.

ಇದೇ ಹೊತ್ತಿಗೆ ರೇಡಿಯೊ ಸ್ಟೇಷನ್ನಿನವರು ಹಳ್ಳಿಯ ಹಾಡು ಹುಡುಕಿಕೊಂಡು ನಮ್ಮೂರಿಗೆ ಬಂದರು. ಬೀಸುವ ಹಾಡು ಎಂದರೆ ನಮ್ಮತ್ತೆ ಎಂದು ಯಾರೋ ಹೇಳಿದ್ದರಂತೆ. ಮಾವ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. "ಈಕಿ ಹಾಡು ಯಾರ್ ಕೇಳ್ತಾರ್ರೀ? ಇಷ್ಟು ವರ್ಷ ಒಂದಾ ಮನ್ಯಾಗ ಅದೀನಿ, ನಾನಾ ಒಂದಿನ ಕೇಳಿಲ್ಲ. ಮಲಗಿದ್ರ ಮನಿಗೆ ಬೆಂಕಿ ಬಿದ್ರೂ ನನಗ ಎಚ್ಚರ ಆಗಂಗಿಲ್ಲ" ಎಂದರು. ಈ ಮಾತನ್ನು ಅವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅತ್ತೆಗೆ ಅದು ಚುಚ್ಚುತ್ತಿತ್ತು. ರೊಟ್ಟಿಯನ್ನು ಜೋರಾಗಿ ಬಡಿಯುತ್ತಿದ್ದರು.

ಬೀಸುಕಲ್ಲು ತಿರುಗದಿದ್ದರೆ ಹಾಡು ಬರುವುದಿಲ್ಲ ಎಂದು ಅತ್ತೆ ಹಟ ಹಿಡಿದರು. ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತ್ತು. ತೊಳೆದು ಇಟ್ಟೆವು. ಒಂದು ಹಿಡಿ ಜೋಳ ಹಾಕಿ ಅತ್ತೆ ಸೊಲ್ಲು ಎತ್ತಿದರು. ತವರಿನಿಂದ ಅಣ್ಣ ಕರೆಯಲು ಬರುತ್ತಾನೆಂದು ದಾರಿ ಕಾಯುವ ತಂಗಿಯ ಹಾಡು. ಒಂದು ಸೊಲ್ಲು ಹಾಡಿದವರೇ ಸುಮ್ಮನಾದರು. ಕಲ್ಲು ಗರಗರ ತಿರುಗುತ್ತಲೇ ಇತ್ತು. ಆಮೇಲೆ ಇನ್ನೊಂದು ಸೊಲ್ಲು, ಮತ್ತೆ ಸುಮ್ಮನೆ.

ಟೇಪು ಹಿಡಿದವರು ಕಂಗಾಲಾದರು. "ನಡುನಡುವೆ ಯಾಕಮ್ಮ ನಿಲ್ಲಿಸ್ತೀರಿ?"

"ನಿಲ್ಸಿಲ್ರೀ. ಅದು ಅಕ್ಕನ ಪಾಳಿ."

ಅಕ್ಕ ಎಂದರೆ ಅತ್ತೆಯ ನೆಗೆಣ್ಣಿ, ಮಾವನ ಅಣ್ಣನ ಹೆಂಡತಿ. ಬೆಳಗಿನ ಜಾವ ಇಬ್ಬರೂ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದರಂತೆ. ಅತ್ತೆಯ ಸೊಲ್ಲು ಕೇಳುತ್ತಿತ್ತು, ಅಕ್ಕನ ಸೊಲ್ಲು ಉತ್ತರ ಹೇಳುತ್ತಿತ್ತು. ನಾನು ಆ ಮನೆಗೆ ಬರುವ ಮೊದಲೇ ಆ ಅಕ್ಕ ತೀರಿಕೊಂಡಿದ್ದರು. ಉತ್ತರದ ಸೊಲ್ಲುಗಳನ್ನು ನೀವೇ ಹಾಡಿ ಎಂದರೆ ಅತ್ತೆ ಒಪ್ಪಲಿಲ್ಲ. ಒಬ್ಬರ ಪಾಳಿಯನ್ನು ಇನ್ನೊಬ್ಬರು ಹಾಡಬಾರದು ಎಂದರು. ಹಾಗಾದರೆ ಸೊಸೆ ಹಾಡಲಿ ಎಂದು ಟೇಪಿನವರು ನನ್ನ ಕಡೆ ತಿರುಗಿದರು. ಹಟ್ಟಿಯ ಹುಡುಗಿಗೆ ಏನು ಬರಬೇಕು, ಮಣ್ಣು! ಕೊನೆಗೆ ಅರ್ಧ ಹಾಡನ್ನೇ ತುಂಬಿಕೊಂಡು ಹೊರಟರು. "ನನ್ನ ದನಿ ಹೆಂಗ ಬಂದೈತಿ, ಒಂದಿಷ್ಟು ಕೇಳಸ್ರೀ" ಎಂದು ಅತ್ತೆ ಬೇಡಿಕೊಂಡರೆ, "ರೇಡಿಯೊದಲ್ಲೇ ಕೇಳಿ" ಎಂದುಬಿಟ್ಟರು. ಅಂದಿನಿಂದ ಅತ್ತೆಗೆ ಅದೊಂದೇ ಧ್ಯಾನ. ಸಾಯುವುದರೊಳಗೆ ಒಂದು ಸಲ ತನ್ನ ದನಿ ತಾನು ಕೇಳಬೇಕು.

ಹಾಡು ಎಂದು ಬರುತ್ತದೆಂದು ತಿಳಿಸಿ ರೇಡಿಯೊ ಸ್ಟೇಷನ್ನಿನಿಂದ ಕಾರ್ಡು ಬಂತು. ಹಾಡು ಬರುವ ದಿನವೇ ಲಿಂಗಸೂಗೂರಿನಲ್ಲಿ ಅತ್ತೆಯ ತಂಗಿಯ ಮಗಳ ಮದುವೆ! ಹಾಡು ಬರುವ ಹೊತ್ತಿಗೆ ನಾವು ದಾರಿಯಲ್ಲಿರಬೇಕು. ಅತ್ತೆ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. "ಚಿಂತಿ ಯಾಕ ಯವ್ವ, ಜೀಪಿನಾಗ ರೇಡಿಯೊ ಐತಲ್ಲ" ಎಂದು ಗಂಡ ಸಮಾಧಾನ ಮಾಡಿದರು. ದಾರಿಯಲ್ಲಿ ಬ್ಯಾಟರಿ ಕೈಕೊಡಬಾರದೆಂದು ಹಿಂದಿನ ದಿನವೇ ಬಿಚ್ಚಿಕೊಂಡು ಹೋಗಿ ಸಿಂಧನೂರಿನಲ್ಲಿ ಚಾರ್ಜಿಗೆ ಇಟ್ಟು ತಂದರು. ನನ್ನ ಗಂಡ ಮುಂದಾಲೋಚನೆ ಮಾಡಿದಾಗಲೇ ನನಗೆ ಎದೆ ಡವಡವ ಎನ್ನುತ್ತಿತ್ತು.

ಮದುವೆಯ ದಿನ ಜೀಪಿನಲ್ಲಿ ಬೀಗರು ಬಿಜ್ಜರು ತುಂಬಿದ್ದೆವು. ಸಾಲದ್ದಕ್ಕೆ ಮಸ್ಕಿಯಲ್ಲಿ ಕೈ ತೋರಿಸಿದವರನ್ನೂ ನನ್ನ ಗಂಡ ಹತ್ತಿಸಿಕೊಂಡರು. ಮದುವೆಗೆ ಹೊರಟ ಜೀಪು ಎಂದರೆ ಕೇಳಲಿಲ್ಲ, "ರೂಢಿ ಆಗೇತಿ ಮಾರಾಯ್ತಿ" ಎಂದರು. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ ಹೊತ್ತಾಯಿತೆಂದು ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಿ, ಎಂಜಿನ್ ಆರಿಸಿ, ಗುಂಡಿ ಒತ್ತಿದರು. ಬರೀ ಸುಂಯ್! ಮತ್ತೊಮ್ಮೆ ಒತ್ತಿದರು. ಸುಂಯ್!

"ಗುಡ್ಡ ಅಡ್ಡ ಬಂದೈತಿ" ಎಂದು ಮುಂದೆ ಕೂತಿದ್ದ ಮಾವ ತೀರ್ಪು ಕೊಟ್ಟರು.

ಗಂಡನ ಮುಖ ಸಣ್ಣದಾಯಿತು. "ಗುಡ್ಡಲ್ಲ ಯಪ್ಪ. ನಿನ್ನೆ ಬ್ಯಾಟರಿ ಬಿಚ್ಚಿದ್ನಲ್ಲ, ಕರೆಂಟ್ ತಪ್ಪಿ ಇದು ಎಲ್ಲಾ ಮರ್ತೈತಿ. ನಂಬರ ನೋಡಿ ಹೊಸದಾಗಿ ಹಿಡಿಬೇಕು."

"ನೋಡು ಮತ್ತ!"

"ಎಲ್ಲಿ ನೋಡ್ಲಿ? ಬೊಟ್ಟು ಐತಿ!"

ಎಲ್ಲರ ಕಣ್ಣೂ ಅತ್ತೆಯ ಮೇಲೆ. ಒರೆಸಿರೆಂದು ಹೇಳುವ ಧೈರ್ಯ ನನ್ನಂಥ ಗಟ್ಟಿ ಬಾಯಿಯವಳಿಗೂ ಬರಲಿಲ್ಲ. ಅತ್ತೆ ಹಿಂದಿನ ಸೀಟಿನಿಂದ ಇಬ್ಬರು ಬೀಗರ ಹೆಗಲ ಮೇಲೆ ಬಿದ್ದು ಮುಂದಕ್ಕೆ ಬಾಗಿ, ಮದುವೆಗೆಂದು ಉಟ್ಟ ಹೊಸ ಇಳಕಲ್ ಸೀರೆಯ ಸೆರಗಿಗೆ ಉಗುಳು ಹಚ್ಚಿ ಗಸಗಸ ಒರೆಸಿಬಿಟ್ಟರು! "ತಪ್ಪಾತು ನಮ್ಮಪ್ಪಾ ಶಿವನಾ, ಮುಂದಿನ ಸೋಮವಾರ ಎರಡು ಕಾಯಿ ಒಡಿತೀನಿ. ಲೇ, ಒತ್ತಲೇ ಜಲ್ದಿ!"

ಅಂಕಿಗಳು ಹೊಳೆದವು. ಗಂಡ ಅಂಕಿ ನೋಡುತ್ತ ಏರಿಸಿದರು, ಇಳಿಸಿದರು. ತೆಲುಗು ಬಂತು, ಹಿಂದಿ ಬಂತು, ಯಾರೋ ಗೊಬ್ಬರದ ಮಾತಾಡಿದರು. ಆಮೇಲೆ ನಮ್ಮ ಬೀಸುಕಲ್ಲು ಗರಗರ ಎಂದಿತು.

ಹಾಡು ಆಗಲೇ ಶುರುವಾಗಿತ್ತು. ರೇಡಿಯೊದಲ್ಲಿ ಅತ್ತೆಯ ದನಿ ಒಂದು ಸೊಲ್ಲು ಮುಗಿಸಿ ಸುಮ್ಮನಾಯಿತು. ಬರೀ ಕಲ್ಲಿನ ಸದ್ದು. ಮೈಮೇಲೆ ಬಂದವರಂತೆ ಅತ್ತೆ ಹಿಂದಿನ ಸೀಟಿನಿಂದ ಉತ್ತರದ ಸೊಲ್ಲು ಎತ್ತಿದರು. ಅಕ್ಕನ ಪಾಳಿ ಹಾಡುವುದಿಲ್ಲ ಎಂದವರು ಅವರೇ! ಆದರೆ ಕೇಳಿದ ಸೊಲ್ಲಿಗೆ ಉತ್ತರ ಕೊಡದೆ ಕೂರುವುದು ಅವರ ಜೀವಕ್ಕೆ ಆಗಲಿಲ್ಲ. ರೇಡಿಯೊ ಕೇಳಿತು, ಅತ್ತೆ ಹೇಳಿದರು. ಮತ್ತೆ ರೇಡಿಯೊ ಕೇಳಿತು, ಮತ್ತೆ ಅತ್ತೆ. ಮಸ್ಕಿಯಲ್ಲಿ ಹತ್ತಿದ ಒಬ್ಬ, "ಇವರಿಬ್ರೂ ಅಕ್ಕತಂಗೇರೇನ್ರೀ? ದನಿ ಒಂದಾ ಐತಿ" ಎಂದ. ನಾನು ಅವನ ಬಾಯಿ ಮುಚ್ಚಿಸಿದೆ.

ಕೊನೆಯ ಸೊಲ್ಲು ಬಂತು. ಹೊತ್ತು ಮುಳುಗಿತು, ಅಣ್ಣ ಇನ್ನೂ ಬರಲಿಲ್ಲವಲ್ಲ ಎಂದು ತಂಗಿ ಕೇಳುವ ಸೊಲ್ಲು. ರೇಡಿಯೊ ಸುಮ್ಮನಾಯಿತು. ಅತ್ತೆ ಬಾಯಿ ತೆರೆದರು, ದನಿ ಹೊರಡಲಿಲ್ಲ. ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ಕಲ್ಲು ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು. ನನಗಾದರೂ ಆ ಸೊಲ್ಲು ಗೊತ್ತಿರಲಿಲ್ಲ.

ಆಗ ಮುಂದಿನ ಸೀಟಿನಿಂದ, ಹಿಂದೆ ತಿರುಗಿಯೂ ನೋಡದೆ, ಮಾವ ಹಾಡಿದರು. ಒಡಕು ದನಿ, ಬಾಯಲ್ಲಿ ಎಲೆ ಅಡಿಕೆ ಬೇರೆ. ಬಂದಾನ ನೋಡವ್ವ, ಊರ ಮುಂದ ಎತ್ತಿನ ಧೂಳಿ ಎದ್ದೈತಿ ಎನ್ನುವ ಸೊಲ್ಲು. ಒಂದಕ್ಷರ ತಪ್ಪಲಿಲ್ಲ, ಎಳೆಯುವ ಕಡೆ ಸರಿಯಾಗಿ ಎಳೆದರು.

ರೇಡಿಯೊದಲ್ಲಿ ಯಾರೋ ಹಾಡಿದವರ ಹೆಸರು ಹೇಳಿ ಮುಂದಿನ ಕಾರ್ಯಕ್ರಮ ಶುರುಮಾಡಿದರು. ಗಂಡ ಕೀಲಿ ತಿರುಗಿಸಿದರೆ ಜೀಪು ಕಟಕ್ ಎಂದು ಸುಮ್ಮನಾಯಿತು. ಚಾರ್ಜ್ ಮಾಡಿಸಿ ತಂದ ಬ್ಯಾಟರಿಯ ಹಣೆಬರಹ ಅಷ್ಟೇ. ಎಂದೂ ದಬ್ಬಲು ಇಳಿಯದ ಮಾವ ಎಲ್ಲರಿಗಿಂತ ಮೊದಲು ಕೆಳಗಿಳಿದು, ಯಾರ ಮುಖವನ್ನೂ ನೋಡದೆ, "ಏನ್ ಕುಂತೀರಿ, ದಬ್ರಿ, ದಬ್ರಿ! ಅಲ್ಲಿ ಮದುವಿ ಅಕ್ಕಿಕಾಳು ಮುಗಿದು ಹೋಗ್ತಾವ" ಎಂದು ಜೀಪಿನ ಹಿಂದೆ ಹೋಗಿ ನಿಂತರು.

ನಾನು ಅತ್ತೆಯ ಪಕ್ಕದಲ್ಲೇ ಉಳಿದೆ. "ಅತ್ತಿ, ನಿಮ್ಮ ದನಿ ಕೇಳಿದ್ರ್ಯಾ? ಹೆಂಗಿತ್ತು?"

ಅತ್ತೆ ಕುಂಕುಮ ಮೆತ್ತಿದ ಸೆರಗಿನಲ್ಲೇ ಕಣ್ಣೊರೆಸಿಕೊಂಡರು. ಮುಖವೆಲ್ಲ ಕೆಂಪಾಯಿತು. ಜೀಪಿನ ಹಿಂದೆ ಬಾಗಿ ದಬ್ಬುತ್ತಿದ್ದ ಮಾವನ ತಲೆಯ ಪಟಗವನ್ನೇ ನೋಡುತ್ತ ಹೇಳಿದರು.

"ನನ್ನ ದನಿ ಸುಡ್ಲಿ ಬಿಡಬೇ. ಅವರು ಮಲಗ್ತಿದ್ದಿಲ್ಲ ನೋಡು. ನಾವು ಬೀಸಿದಷ್ಟು ವರ್ಷ ದಿನಾ ಎಚ್ಚರಾ ಇದ್ರು."