ಕಾಣದ ಏಳು ಗೆರೆಗಳು

ನಮ್ಮ ಚಿಕ್ಕಮ್ಮನ ಕೆಲಸ ಏನೆಂದು ಕೇಳಿದವರಿಗೆ ಹೇಳಿ ಹೇಳಿ ನನಗೆ ಸಾಕಾಗಿತ್ತು. ಗೆರೆ ನೋಡುವುದು. ರಕ್ತ ಪರೀಕ್ಷೆಯ ಕಿಟ್‌ಗಳು ಅಂಗಡಿಗೆ ಹೋಗುವ ಮೊದಲು ಸರ್ಕಾರಿ ಪ್ರಯೋಗಾಲಯಕ್ಕೆ ಬರುತ್ತವೆ. ಬೆರಳಗಲದ ಪಟ್ಟಿಯ ಮೇಲೆ ರಕ್ತದ ಹನಿ ಬಿಟ್ಟು ಹದಿನೈದು ನಿಮಿಷ ಕಾಯಬೇಕು. ಗೆರೆ ಮೂಡಿದರೆ ರೋಗವಿದೆ, ಮೂಡದಿದ್ದರೆ ಇಲ್ಲ. ಯಾವ ಹನಿ ರೋಗಿಯದು, ಯಾವುದು ಆರೋಗ್ಯವಂತರದು ಎಂಬುದನ್ನು ಮುಚ್ಚಿಟ್ಟು ಇಬ್ಬರಿಂದ ಬೇರೆಬೇರೆಯಾಗಿ ಓದಿಸುತ್ತಾರೆ. ಇಬ್ಬರ ಓದು ತಾಳೆಯಾಗದಿದ್ದರೆ ಮೂರನೆಯವರಾಗಿ ಸಾಹೇಬರು ನೋಡಬೇಕು. ಇಪ್ಪತ್ತಾರು ವರ್ಷ ಚಿಕ್ಕಮ್ಮ ಮಾಡಿದ್ದು ಇಷ್ಟೇ.

ಅಲ್ಲಿ ಅವಳಿಗೆ ಹದ್ದು ಎಂದೇ ಹೆಸರು. ಬೇರೆಯವರು ದೀಪಕ್ಕೆ ಹಿಡಿದು ಹುಡುಕುವ ಗೆರೆಯನ್ನು ಕುಳಿತಲ್ಲಿಂದಲೇ ಹೇಳುತ್ತಿದ್ದಳಂತೆ. ಮನೆಯಲ್ಲೂ ಅದೇ ಕಾಟ, ಲೋಟದ ಅಂಚಿನ ಕಲೆಯನ್ನೂ ಬಿಡುತ್ತಿರಲಿಲ್ಲ. ಇವಳ ಕಣ್ಣು ತಪ್ಪಿಸಿ ಒಂದು ಸುಳ್ಳು ಹೇಳುವ ಹಾಗಿಲ್ಲ ಎಂದು ಚಿಕ್ಕಪ್ಪ ಗೊಣಗುತ್ತಿದ್ದರು. ಆ ಕಣ್ಣಿನ ಬಗ್ಗೆ ಅವಳಿಗೆ ಜಂಭವೂ ಇತ್ತು, ಮುಚ್ಚಿಡುವುದೇಕೆ.

ಆ ವರ್ಷ ಲಿವರ್ ಕಾಯಿಲೆಯ ಒಂದು ಕಿಟ್ ಬಂತು. ಚಿಕ್ಕಮ್ಮನಲ್ಲದೆ ಅದನ್ನು ಓದಿದ ಇನ್ನೊಬ್ಬಳು ಆಗತಾನೇ ಕೆಲಸಕ್ಕೆ ಸೇರಿದ್ದ ಹೊಸಬಳು. ಏಳು ಪಟ್ಟಿಗಳಲ್ಲಿ ತೆಳುವಾದ ಗೆರೆ ಇದೆ ಎಂದು ಅವಳು ಬರೆದಳು, ಇಲ್ಲ ಎಂದು ಚಿಕ್ಕಮ್ಮ. ಸಾಹೇಬರು ನೋಡಿದ ಶಾಸ್ತ್ರ ಮಾಡಿ, ಹದ್ದೇ ಇಲ್ಲ ಅಂದಮೇಲೆ ಮುಗಿಯಿತು ಎಂದು ಸಹಿ ಹಾಕಿದರು. ಗುಟ್ಟು ಬಿಚ್ಚಿ ನೋಡಿದರೆ ಏಳೂ ಆರೋಗ್ಯವಂತರ ರಕ್ತ, ಗೆರೆ ಮೂಡಲೇಬಾರದು. ಕಿಟ್ ಪಾಸಾಯಿತು. ಹೊಸಬಳನ್ನು ಎಲ್ಲರೂ ಆಡಿಕೊಂಡರು. ಕಣ್ಣು ತೋರಿಸಿಕೊಂಡು ಬರುವಂತೆ ಸಾಹೇಬರು ಚೀಟಿಯನ್ನೇ ಬರೆದುಕೊಟ್ಟರು.

ಪಾಪ, ಅವಳ ಸಪ್ಪೆ ಮೋರೆ ನೋಡಲಾಗದೆ ಚಿಕ್ಕಮ್ಮನೇ ಕಣ್ಣಾಸ್ಪತ್ರೆಗೆ ಜೊತೆಗೆ ಹೋದಳು. ಹೊಸಬಳು ಎಲ್ಲ ಸಾಲುಗಳನ್ನೂ ಪಟಪಟನೆ ಓದಿದಳು. ಹೇಗೂ ಬಂದಿದ್ದೀರಿ, ನೀವೂ ಕೂತ್ಕೊಳ್ಳಿ ಎಂದರು ಡಾಕ್ಟರು. ಕಪ್ಪು ಅಕ್ಷರಗಳನ್ನು ಚಿಕ್ಕಮ್ಮ ಸಲೀಸಾಗಿ ಓದಿದಳು. ಆಮೇಲೆ, ಸಾಲು ಸಾಲಿಗೆ ಮಸುಕಾಗುತ್ತ ಹೋಗುವ ಅಕ್ಷರಗಳ ಹಲಗೆ ಇಟ್ಟರು. ಮೂರನೇ ಸಾಲಿಗೆ ಅವಳು ನಿಲ್ಲಿಸಿದಳು.

"ಮುಂದೆ ಓದಿ."

"ಮುಂದೆ ಖಾಲಿ ಇದೆಯಲ್ಲ."

ಹೊಸಬಳು ತಲೆ ತಗ್ಗಿಸಿದಳು. ಅಲ್ಲಿ ಇನ್ನೂ ಐದು ಸಾಲುಗಳಿದ್ದವು.

ಕಣ್ಣಿನ ಒಳಪರದೆ ಸವೆದಿದೆ, ಮಸುಕಾದದ್ದು ಕಾಣದು, ಕನ್ನಡಕದಿಂದಾಗಲಿ ಆಪರೇಷನ್ನಿನಿಂದಾಗಲಿ ಸರಿಹೋಗದು ಎಂದರು ಡಾಕ್ಟರು. ಅಂದರೆ ಏಳು ಗೆರೆಗಳೂ ಇದ್ದವು. ಕಿಟ್ಟೇ ಕೆಟ್ಟದ್ದು, ಗಟ್ಟಿಮುಟ್ಟಾದವರಿಗೂ ಕಾಯಿಲೆಯ ಹಣೆಪಟ್ಟಿ ಅಂಟಿಸುವಂಥದ್ದು. ಹೊಸಬಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಚಿಕ್ಕಮ್ಮನ ನಿವೃತ್ತಿಗೆ ಉಳಿದದ್ದು ಹತ್ತು ತಿಂಗಳು. ಸುಮ್ಮನಿದ್ದರೆ ಹದ್ದಾಗಿಯೇ ಮನೆಗೆ ಬರಬಹುದಿತ್ತು. ಸುಮ್ಮನಿರು ಎಂದು ನಾನೂ ಹೇಳಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಅವಳು ಸಾಹೇಬರ ಮುಂದೆ ನಿಂತಳು. ಫೈಲು ಮೇಲೆ ಹೋಗಿಯಾಗಿದೆ, ಉತ್ತರವೂ ಸರಿಯಾಗಿ ಬಂದಿದೆಯಲ್ಲ ಎಂದು ಅವರು ರಾಗ ಎಳೆದರು. ಎಳೆಯದೆ ಇನ್ನೇನು, ಸಹಿ ಅವರದ್ದೂ ಇತ್ತಲ್ಲ.

"ಇಲ್ಲ ಅಂತ ನಾನು ಬರೆದದ್ದು ಕಾಣದೆ ಸರ್, ನೋಡಿ ಅಲ್ಲ," ಎಂದಳು ಚಿಕ್ಕಮ್ಮ. "ಅವಳು ನೋಡಿ ಬರೆದಳು. ಇನ್ನೊಮ್ಮೆ ಓದಿಸಿ. ನನ್ನನ್ನ ಕೂರಿಸಬೇಡಿ."

ಅದನ್ನೇ ಬರೆದೂ ಕೊಟ್ಟಳು. ಎರಡನೇ ಸಲ ಹೊಸ ಪಟ್ಟಿಗಳ ಮೇಲೆ ಓದಿಸಿದಾಗ ಆರೋಗ್ಯವಂತರ ರಕ್ತದಲ್ಲಿ ಒಂಬತ್ತು ಕಡೆ ಗೆರೆ ಸಿಕ್ಕಿತು, ಕಿಟ್ಟಿನ ಅನುಮತಿ ಹೋಯಿತು. ಇನ್ನು ಮುಂದೆ ಗೆರೆ ಓದುವವರ ಕಣ್ಣನ್ನು ಪ್ರತಿವರ್ಷ ಪರೀಕ್ಷಿಸಬೇಕೆಂದು ಆದೇಶವಾಯಿತು. ಅದಕ್ಕೊಂದು ಹೊಸ ರಿಜಿಸ್ಟರು. ಚಿಕ್ಕಮ್ಮನನ್ನು ದಾಖಲೆ ಕೋಣೆಗೆ ಹಾಕಿದ್ದರಿಂದ ಅದನ್ನು ತುಂಬುವ ಕೆಲಸವೂ ಅವಳ ಪಾಲಿಗೇ ಬಂತು.

ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆದು, ಎದುರಿಗೆ ಅನರ್ಹ ಎಂದು ತುಂಬಿದಳಂತೆ. ಎರಡನೆಯ ಸಾಲಿನಲ್ಲಿ ಹೊಸಬಳ ಹೆಸರು, ಅರ್ಹ. ಆಮೇಲೆ ಅವಳನ್ನು ಕರೆದು, ಬರೆದದ್ದೆಲ್ಲ ಗೆರೆಯೊಳಗೇ ಬಿದ್ದಿದೆಯಾ ನೋಡಮ್ಮ ಎಂದು ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದಳಂತೆ.